ಹೆಸರು ಕೆತ್ತಲಾಗದ ಬತ್ತಿ

ಪಾಸ್ಕಾಲಿಸ್ ಆ ಮಾತನ್ನು ನಗುತ್ತಲೇ ಹೇಳಿದ. ಸಿಟ್ಟಿನಲ್ಲಿ ಹೇಳಿದ್ದರೆ ಅನೆಸ್ತಿಸ್ ಮರೆತುಬಿಡುತ್ತಿದ್ದನೋ ಏನೋ.

"ಮೊನ್ನೆ ನೀನು ಸುತ್ತಿದ ಸುರುಳಿ ನೋಡಿದೆ ಕಣೋ. ಮಂಚದ ಸ್ಪ್ರಿಂಗಿಗೆ ಬೇಕಾದ್ರೆ ಆಗುತ್ತೆ."

ಕಾಫಿ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅನೆಸ್ತಿಸ್ ಕೂಡ ನಕ್ಕ. ನಗುವಾಗ ಎರಡೂ ಕೈಗಳನ್ನು ಮೇಜಿನ ಕೆಳಗೆ, ತೊಡೆಗಳ ನಡುವೆ ಒತ್ತಿ ಹಿಡಿದುಕೊಂಡಿದ್ದ. ಅವು ನಡುಗಲು ಶುರುವಾಗಿ ಒಂದು ಚಳಿಗಾಲ ಕಳೆದಿತ್ತು. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು. ಇವೆರಡನ್ನು ಬಿಟ್ಟರೆ ಅವನ ಕಸುಬಿನಲ್ಲಿ ಉಳಿಯುವುದೇನೂ ಇಲ್ಲ. ಗುಟ್ಟು ಇಬ್ಬರೊಳಗೇ ಇದೆಯೆಂದು ಅವನು ನಂಬಿದ್ದ. ಆ ಸೋಮವಾರ, ಕ್ರಿಸ್ತ ಸತ್ತು ಎದ್ದ ಪಾಸ್ಕ ಹಬ್ಬದ ಮುಂಚಿನ ಪವಿತ್ರ ವಾರದ ಮೊದಲ ದಿನ, ಅದು ಇಡೀ ಕವಾಲಾ ಊರಿನದ್ದಾಯಿತು.

ಹಳೆಯ ತಂಬಾಕು ಗೋದಾಮುಗಳ ಬೀದಿಯಲ್ಲಿ ಇಬ್ಬರದೂ ಸೇರಿ ಒಂದು ಕಾರ್ಖಾನೆ ಇತ್ತು. ಕಾರ್ಖಾನೆ ಎಂದರೆ ಒಂದು ಲೇತು, ಎರಡು ಮೇಜು, ಬಂದರಿನ ಕಡೆಗೊಂದು ಕಿಟಕಿ. ಇಬ್ಬರ ಅಜ್ಜಂದಿರೂ ಅದೇ ಗೋಡೆಗಳ ನಡುವೆ ತಂಬಾಕಿನ ಎಲೆ ಬಿಡಿಸಿ ಪಿಂಡಿ ಕಟ್ಟಿ, ಕೆಮ್ಮಿ ಕೆಮ್ಮಿ ಸತ್ತವರು. ಮೊಮ್ಮಕ್ಕಳು ಮಾಡುತ್ತಿದ್ದದ್ದು ಬೆಂಕಿಯಿಲ್ಲದೆ ಆವಿ ಸೇದುವ ಕೊಳವೆ. ಕೆಳಗೆ ಬ್ಯಾಟರಿ, ಮೇಲೆ ರಸ ತುಂಬುವ ಪುಟ್ಟ ಬುರುಡೆ, ಬುರುಡೆಯ ಹೊಟ್ಟೆಯಲ್ಲಿ ಕೂದಲೆಳೆಯಂಥ ತಂತಿಯ ಒಂದು ಸುರುಳಿ, ಸುರುಳಿಯೊಳಗೆ ಹಾಯುವ ಹತ್ತಿಯ ಬತ್ತಿ. ಬತ್ತಿ ರಸ ಹೀರುತ್ತದೆ, ಸುರುಳಿ ಕಾಯುತ್ತದೆ, ರಸ ಆವಿಯಾಗುತ್ತದೆ. ಸೇದಿ ಬಿಸಾಡುವ ಜಾತಿಯ ಸಾಮಾನಲ್ಲ ಇದು. ಬಿಚ್ಚಿ, ಹಳೆಯದನ್ನು ಕಿತ್ತು, ಸುರುಳಿಯನ್ನೂ ಬತ್ತಿಯನ್ನೂ ಮತ್ತೆ ಕೈಯಾರೆ ಕಟ್ಟಿಕೊಳ್ಳಬೇಕು. ಒಮ್ಮೆ ರುಚಿ ಹತ್ತಿದವರು ಬೇರೆ ಕೊಳವೆ ಮುಟ್ಟುತ್ತಿರಲಿಲ್ಲ.

ಉಕ್ಕು ಕಡೆಯುವುದು ಪಾಸ್ಕಾಲಿಸ್‌ನ ಕೆಲಸ, ಸುರುಳಿ ಮತ್ತು ಬತ್ತಿ ಅನೆಸ್ತಿಸ್‌ನದು. ಪಾಸ್ಕಾಲಿಸ್‌ನ ಬೆರಳುಗಳು ಸೌತೆಕಾಯಿಯಂತಿದ್ದವು. ಒಂದು ಬತ್ತಿಯನ್ನೂ ಅವು ಸುರುಳಿಯೊಳಗೆ ತೂರಿಸಿದ್ದಿಲ್ಲ. ಅವನಿಗೆ ಅದರ ನಾಚಿಕೆಯೂ ಇರಲಿಲ್ಲ. ಮಸ್ತಿಕ ಮರದ ಘಮಘಮಿಸುವ ಅಂಟು ಮತ್ತು ಸುಟ್ಟ ಸಕ್ಕರೆ ಬೆರೆಸಿದ ಪಾಕದಂಥ ರಸ ಅವನದು. ಹಾದಿಯ ಆ ತುದಿಯಲ್ಲಿ ಅವನು ಸೇದಿದರೆ ಈ ತುದಿಯಲ್ಲಿ ಮಿಠಾಯಿ ಅಂಗಡಿಯ ವಾಸನೆ. ಬತ್ತಿ ಹೊಗೆಗೂಡಾಗುವವರೆಗೆ ಬಿಡದೆ ಸೇದಿ, ಕೊನೆಗೆ ಕೊಳವೆಯನ್ನು ಅನೆಸ್ತಿಸ್‌ನ ಮೇಜಿನ ಮೇಲೆ ಎಸೆದು, "ಡಾಕ್ಟ್ರೇ, ರೋಗಿ ಬಂದಿದಾನೆ" ಅನ್ನುತ್ತಿದ್ದ. ಅನೆಸ್ತಿಸ್‌ನದು ಪುದೀನ ರಸ, ನೀರಿನಷ್ಟು ತಿಳಿ. ಅವನ ಬತ್ತಿ ವಾರವಾದರೂ ಮಗುವಿನ ಅಂಗಿಯಂತೆ ಇರುತ್ತಿತ್ತು.

ಆ ಕಾರ್ಖಾನೆಗೊಂದು ರೂಢಿಯಿತ್ತು. ಒಳಗೆ ಬಂದವನು ಮೊದಲು ತನ್ನ ಕೊಳವೆಯನ್ನು ಮೇಜಿನ ಮೇಲಿಡಬೇಕು. ಹತ್ತಿರ ಕೂತವನು, ಯಾರೇ ಆಗಲಿ, ಅಪ್ಪಣೆ ಕೇಳದೆ ಅದರ ಬುರುಡೆ ತೆರೆದು ನೋಡುತ್ತಿದ್ದ. ಆಮೇಲೆ ಗೇಲಿ, ಬೈಗುಳ, ಕಾಫಿ. ಹಾಗೆ ಎಷ್ಟೋ ಜನ ಅಲ್ಲಿ ಕಸುಬು ಕಲಿತರು. ಗುಡ್ಡದ ಠಾಣೆಯ ಪೊಲೀಸ್ ಆರ್ಗಿರಿಸ್ ಸಿಗರೇಟು ಬಿಟ್ಟದ್ದೇ ಆ ಮೇಜಿನ ಎದುರು ಕೂತು. ಅವನ ಕೈ ಹಿಡಿದು ಬತ್ತಿ ಇಡುವುದನ್ನು ಹೇಳಿಕೊಟ್ಟವನು ಅನೆಸ್ತಿಸ್.

ಅವರ ಬುರುಡೆಗೆ ದೂರದ ಊರುಗಳಲ್ಲೂ ಹೆಸರಿತ್ತು. ಉಕ್ಕಿನ ತಳದಲ್ಲಿ ಪಾಸ್ಕಾಲಿಸ್‌ನ ಹೆಸರಿನ ಮೊದಲ ಅಕ್ಷರ ಕೆತ್ತಿರುತ್ತಿತ್ತು. ಹತ್ತಿಯ ಮೇಲೆ ಯಾರ ಹೆಸರನ್ನೂ ಕೆತ್ತಲಾಗುವುದಿಲ್ಲ. ಈ ಮಾತನ್ನು ಅನೆಸ್ತಿಸ್ ಎಂದೂ ಬಾಯಿಬಿಟ್ಟು ಆಡಿರಲಿಲ್ಲ. ಮದುವೆಯಲ್ಲಿ ತನ್ನ ತಲೆಯ ಮೇಲೆ ಹೂವಿನ ಕಿರೀಟ ಹಿಡಿದವನು, ಹೆಂಡತಿ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವನು ಪಾಸ್ಕಾಲಿಸ್. ಇಬ್ಬರ ಹೆಸರೂ ಪಾಸ್ಕದಿಂದಲೇ ಬಂದದ್ದು, ಹೆಸರಿನ ಹಬ್ಬವೂ ಪಾಸ್ಕದ ಭಾನುವಾರವೇ ಬರುವುದರಿಂದ ಒಂದೇ ಕುರಿಮರಿ ಸುಟ್ಟು ಇಬ್ಬರೂ ಊರಿಗೆ ಊಟ ಹಾಕುತ್ತಿದ್ದರು. ಅಂಥವನ ಹತ್ತಿರ ಒಂದಕ್ಷರಕ್ಕಾಗಿ ಜಗಳವಾಡುವುದುಂಟೆ?

ಆದರೆ ಹಬ್ಬ ಕಳೆದ ಮಂಗಳವಾರ ಥೆಸಲೋನಿಕಿಯಿಂದ ಒಬ್ಬ ಕಾರ್ಖಾನೆ ಕೊಳ್ಳಲು ಬರುವವನಿದ್ದ; ಮಾತು ಕೊಟ್ಟವನು ಪಾಸ್ಕಾಲಿಸ್. ಕೊಳ್ಳುವವನಿಗೆ ಬೇಕಿದ್ದದ್ದು ಹೆಸರು ಮತ್ತು ಲೇತು, ಎರಡೂ ಪಾಸ್ಕಾಲಿಸ್‌ನವು. ಸುರುಳಿಗಳು ಯಂತ್ರದಲ್ಲಿ ತಯಾರಾಗಿ ಡಬ್ಬಿಯಲ್ಲಿ ಬರುತ್ತವೆ, ಕೈ ಬೇಡ. ಅನೆಸ್ತಿಸ್‌ನ ಮೇಜನ್ನು ಇಡಲು ಸಹ ಅವನ ಬಳಿ ಜಾಗವಿರಲಿಲ್ಲ.

ಅನೆಸ್ತಿಸ್ ಬೇಡಿಕೊಂಡ. ಕಾಫಿ ಅಂಗಡಿಯ ನಗು ಇನ್ನೂ ಕಿವಿಯಲ್ಲಿರುವಾಗಲೇ, ಮರುದಿನ, ಲೇತಿನ ಪಕ್ಕ ನಿಂತು, ಪಾಸ್ಕಾಲಿಸ್‌ನ ತೋಳು ಹಿಡಿದು ಬೇಡಿಕೊಂಡ. ಒಂದು ವರ್ಷ ತಡೆಯಲು ಹೇಳಿದ.

"ಒಂದು ವರ್ಷದಲ್ಲಿ ನಿನ್ನ ಕೈ ವಾಸಿ ಆಗುತ್ತಾ?"

"ನನ್ನನ್ನ ಎಲ್ಲಿಗೆ ಹೋಗು ಅಂತೀಯ?"

"ಮನೆಗೆ ಹೋಗು."

"ಮನೇಲಿ ಯಾರಿದಾರೆ?"

ಪಾಸ್ಕಾಲಿಸ್ ಲೇತು ನಿಲ್ಲಿಸಿದ. ಆಮೇಲೆ ಮೆತ್ತಗೆ ಹೇಳಿದ: "ನಂಗೂ ಯಾರಿದಾರೆ ಹೇಳು. ನನ್ನ ಮಂಡಿ ನನ್ನ ಮಾತು ಕೇಳಲ್ಲ, ನಿನ್ನ ಕೈ ನಿನ್ನ ಮಾತು ಕೇಳಲ್ಲ. ಸಾಕು ಅನೆಸ್ತಿ. ನಾವು ಆಟ ಆಡಿದ್ದಾಯ್ತು."

ಆ ಕನಿಕರವೇ ಅವನನ್ನು ಮುಗಿಸಿತು. ಇಡೀ ಊರಿನಲ್ಲಿ ಅವನು ಮನುಷ್ಯನಾಗಿ ಕೂರುತ್ತಿದ್ದ ಜಾಗ ಎರಡೇ: ಒಂದು ಆ ಮೇಜು, ಇನ್ನೊಂದು ಚರ್ಚಿನ ಬಲಗಡೆಯ ಗಾಯಕರ ಪೀಠ. ಮೇಜು ಹೋದರೆ ಉಳಿದ ದಿನಗಳನ್ನು ಗೋಡೆ ನೋಡಿಕೊಂಡು ಕಳೆಯಬೇಕು, ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು. ಅಂದು ಸಂಜೆಯ ಪೂಜೆಯಲ್ಲಿ ಹಾಡಲು ನಿಂತಾಗ ಅವನ ದನಿ ಎಂದಿನಂತೆ ನೇರವಾಗಿತ್ತು. ಕೈ ನಡುಗಿದ ಮೇಲೂ ದನಿ ನಡುಗದಿರುವುದು ದೇವರ ಕರುಣೆಯೆಂದು ಮುದುಕಿಯರು ಹೇಳುತ್ತಿದ್ದರು. ಹಾಡುತ್ತ ಹಾಡುತ್ತ ಅನೆಸ್ತಿಸ್‌ನ ಕಣ್ಣು ಜನರ ಮೇಲೆ ಹಾಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಇಲ್ಲಿ ನಿಂತಿರುವಾಗ ನಾನು ಬೇರೆಲ್ಲಾದರೂ ಇದ್ದೆನೆಂದು ಯಾರೂ ಹೇಳಲಾರರು ಎಂಬ ಯೋಚನೆ ಬಂತು. ಪದ್ಯದ ಎರಡು ಸಾಲಿನ ನಡುವೆ ಉಸಿರು ಬಂದು ಹೋಗುವಂತೆ ಬಂತು. ಆದರೆ ಹೋಗಲಿಲ್ಲ.

ಇಬ್ಬರೂ ಕಾರ್ಖಾನೆ ತೆರೆದ ವರ್ಷವೇ ಒಂದು ಒಪ್ಪಂದವಾಗಿತ್ತು: ಒಬ್ಬ ತೀರಿಕೊಂಡರೆ ಎಲ್ಲವೂ ಉಳಿದವನದು. ಮಂಗಳವಾರ ಮಾರಾಟದ ಸಹಿ ಬೀಳುವವರೆಗೆ ಆ ಮಾತು ಜೀವಂತ.

ಅವನು ಸುರುಳಿ ಸುತ್ತುವ ಹಾಗೆಯೇ ಯೋಜನೆಯನ್ನೂ ಸುತ್ತಿದ, ಒಂದು ಸುತ್ತಿನ ಪಕ್ಕ ಇನ್ನೊಂದು ಸುತ್ತು, ನಡುವೆ ಬೆಳಕು ತೂರದಂತೆ.

ದಿನ ಮಹಾ ಶುಕ್ರವಾರ. ಅಂದು ಬೆಳಗಿನಿಂದಲೇ ಗಂಟೆ ಸತ್ತವರಿಗೆ ಬಾರಿಸುವ ಹಾಗೆ ಬಿಡಿಬಿಡಿಯಾಗಿ ಬಾರಿಸುತ್ತದೆ. ಬೆಳಗಿನ ಪಾರಾಯಣ ಮುಗಿದು, ಮಧ್ಯಾಹ್ನದ ಹೊತ್ತಿಗೆ ಪಾದ್ರಿ ಕ್ರಿಸ್ತನನ್ನು ಶಿಲುಬೆಯಿಂದ ಇಳಿಸುವ ಪೂಜೆ ಶುರುವಾಗುವವರೆಗೆ ನಡುವೆ ಬಿಡುವು. ಗಾಯಕರು ಮನೆಗೆ ಹೋಗಿ ಗಂಟಲಿಗೆ ಬಿಸಿನೀರು ಹಾಕಿಕೊಂಡು ಬರುತ್ತಾರೆ. ಪಾಸ್ಕಾಲಿಸ್ ಸಂಜೆಯ ಮೆರವಣಿಗೆಗೆ ಮಾತ್ರ ಬರುವವನು, ಹಗಲೆಲ್ಲ ಮನೆಯಲ್ಲೇ. ಅವನ ಮನೆ ಹಳೆಯ ಊರಿನ ಗುಡ್ಡದ ಮೇಲೆ, ಚರ್ಚಿನ ಹಿಂಭಾಗಕ್ಕೆ ನೇರ ಎತ್ತರದಲ್ಲಿ. ಅಂಜೂರದ ಮರದ ಹಿಂದಿನ ಬಾಗಿಲಿನಿಂದ ಕಡಿದಾದ ಕಲ್ಲುಮೆಟ್ಟಿಲು ಚರ್ಚಿನ ಪಕ್ಕದ ಬಾಗಿಲಿಗೇ ಇಳಿಯುತ್ತದೆ. ಮಂಡಿ ಗಟ್ಟಿಯಿರುವವರು ಮಾತ್ರ ಅದನ್ನು ಬಳಸುತ್ತಾರೆ. ಉಳಿದವರಿಗೆ ಗುಡ್ಡ ಸುತ್ತಿಕೊಂಡು ಹೋಗುವ ಓಣಿ.

ಎದುರು ಮನೆಯ ಎವಾಂಥಿಯಾ ಅಜ್ಜಿಗೆ ಓಣಿಯೇ ಗತಿ. ಅವಳು ಕೋಲೂರಿಕೊಂಡು ಮನೆ ಬಿಡುವಾಗ ಪಾಸ್ಕಾಲಿಸ್ ಬಾಲ್ಕನಿಯಲ್ಲಿ ಕೂತು ಆವಿ ಬಿಡುತ್ತಿರಬೇಕು. ಅವಳು ಚರ್ಚಿನೊಳಗೆ ಕಾಲಿಡುವಾಗ ಅನೆಸ್ತಿಸ್ ಹಾಡುತ್ತಿರಬೇಕು. ಆಮೇಲೆ ಏನೇ ಆಗಿದ್ದರೂ ಅದು ಅನೆಸ್ತಿಸ್ ಇಡೀ ಊರಿನ ಕಣ್ಣೆದುರು ನಿಂತಿದ್ದಾಗ ಆದದ್ದು. ಆ ಮುದುಕಿಗಿಂತ ಒಳ್ಳೆಯ ಸಾಕ್ಷಿ ಗುಡ್ಡದಲ್ಲಿರಲಿಲ್ಲ. ಕಂಡದ್ದನ್ನು ಅವಳು ಕೇಳದವರಿಗೂ ಹೇಳುತ್ತಿದ್ದಳು.

ಬಾಲ್ಕನಿಯಲ್ಲಿ ಕೂರುವ ಪಾಸ್ಕಾಲಿಸ್ ಅನೆಸ್ತಿಸ್ ಆಗಿರುತ್ತಾನೆ. ಹಿಂದಿನಿಂದ ನೋಡಿದರೆ ಇಬ್ಬರೂ ಒಂದೇ ಗೋಣಿಚೀಲದ ಅಳತೆ. ಪಾಸ್ಕಾಲಿಸ್‌ನ ಸಾಸಿವೆ ಬಣ್ಣದ ಉಣ್ಣೆಯ ಕೋಟು, ಮೀನುಗಾರರ ಟೋಪಿ, ಅವನ ಕೊಳವೆ, ಅವನ ವಾಸನೆ. ಕೊಳವೆಯ ಮೇಲೆ ತನ್ನ ಬೆರಳಿನ ಗುರುತು ಬೀಳುತ್ತದೆಂಬುದನ್ನೂ ಅನೆಸ್ತಿಸ್ ಯೋಚಿಸಿದ. ಅವನು ಕಟ್ಟಿದ ಬುರುಡೆಯ ಮೇಲೆ ಅವನ ಬೆರಳಿಲ್ಲದೆ ಇನ್ನಾರದಿರುತ್ತದೆ? ಬೈಬಲ್ ಮೇಲೆ ಪಾದ್ರಿಯ ಬೆರಳಿದ್ದರೆ ಯಾರಾದರೂ ಹಿಡಿದುಕೊಂಡು ಹೋಗುತ್ತಾರೆಯೇ? ಬುಧವಾರ ಹಣೆಗೆ ಎಣ್ಣೆ ಹಚ್ಚುವ ತೈಲದ ಪೂಜೆಯಲ್ಲಿ ಇಬ್ಬರೂ ಸಾಲಿನಲ್ಲಿ ನಿಂತಿದ್ದನ್ನು ಊರು ನೋಡಿತ್ತು. ಆಮೇಲೆ ಅವನನ್ನು ಕಂಡಿಲ್ಲವೆಂದು ಹೇಳಿದರಾಯಿತು. ಕಾರ್ಖಾನೆಗೂ ಅಂದಿನಿಂದಲೇ ಬೀಗ. ಮನೆಯಲ್ಲಿ ಕನ್ನಡಿಯ ಮುಂದೆ ಕೂತು ಅವನು ಪಾಸ್ಕಾಲಿಸ್‌ನ ಬಾಗಿದ ಭುಜವನ್ನೂ, ಮೂಗೆತ್ತಿ ಆಕಾಶಕ್ಕೆ ಆವಿ ಬಿಡುವ ಬಗೆಯನ್ನೂ, ತಿರುಗಿ ನೋಡದೆ ಭುಜದ ಮೇಲಿಂದ ಎರಡು ಬೆರಳೆತ್ತಿ ಮುದುಕಿಗೆ ಉತ್ತರ ಕೊಡುವುದನ್ನೂ ಅಭ್ಯಾಸ ಮಾಡಿದ. ಎರಡು ಬೆರಳೂ ನಡುಗಿದವು. ಅಷ್ಟು ದೂರಕ್ಕೆ ಕಾಣುವುದಿಲ್ಲ ಎಂದುಕೊಂಡ. ಆಮೇಲೆ ಕನ್ನಡಿಯ ಮೇಲೆ ಹಣೆ ಇಟ್ಟು, ಶಿಲುಬೆಯ ಹಿಂದಿನ ರಾತ್ರಿ ಕ್ರಿಸ್ತ ಬೇಡಿದಂತೆ, ಈ ಬಟ್ಟಲು ನನ್ನಿಂದ ದಾಟಿಹೋಗಲಿ ಎಂದು ಪ್ರಾರ್ಥಿಸಿದ. ಏನೂ ದಾಟಿಹೋಗಲಿಲ್ಲ.

ಶುಕ್ರವಾರ ಗಂಟೆ ಬಾರಿಸುತ್ತಿತ್ತು. ಅವನು ಕಲ್ಲುಮೆಟ್ಟಿಲು ಹತ್ತಿ ಹಿಂಬಾಗಿಲಿನಿಂದ ಒಳಗೆ ಹೋದಾಗ ಪಾಸ್ಕಾಲಿಸ್ ಮಾಳಿಗೆಯಲ್ಲಿ ಚಪ್ಪಲಿ ಹಾಕಿಕೊಂಡು, ಎಣ್ಣೆಯಿಲ್ಲದ ಒಣ ರೊಟ್ಟಿ ಅಗಿಯುತ್ತ ಕೂತಿದ್ದ. ಅನೆಸ್ತಿಸ್‌ನನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ? ಇಳೀತಾ ಸಿಟ್ಟು? ಕೂತ್ಕೋ, ಕಾಫಿ ಮಾಡ್ತೀನಿ." ಎದ್ದವನು ಜೇಬಿನಿಂದ ಕೊಳವೆ ತೆಗೆದು ಅನೆಸ್ತಿಸ್‌ನ ಕೈಗಿಟ್ಟ. "ಅಷ್ಟರಲ್ಲಿ ಇದನ್ನೊಂಚೂರು ನೋಡೋ ಡಾಕ್ಟ್ರೇ. ಸುಟ್ಟ ನಾತ ಬರ್ತಿದೆ."

ಅಡಿಗೆಮನೆ ಕೆಳಗಿತ್ತು. ಮೆಟ್ಟಿಲು ಅಮೃತಶಿಲೆಯದು, ನೂರು ವರ್ಷದ ಕಾಲುಗಳು ಸವೆಸಿದ್ದು. ಪಾಸ್ಕಾಲಿಸ್ ಮೊದಲ ಮೆಟ್ಟಿಲಿಗೆ ನೋವಿನ ಮಂಡಿಯನ್ನು ನಿಧಾನವಾಗಿ ಇಳಿಸುವಾಗ ಅನೆಸ್ತಿಸ್ ಒಂದು ಕೈಯಲ್ಲಿ ಕೊಳವೆ ಹಿಡಿದುಕೊಂಡು ಇನ್ನೊಂದು ಕೈಯಿಂದ ನೂಕಿದ. ಒಂದೇ ಸಲ. ಗಂಟೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಎಲ್ಲ ಮುಗಿದಿತ್ತು. ಅವನು ಕೆಳಗಿಳಿದು ನೋಡಿದ. ನೋಡಬೇಕಾದಷ್ಟು ನೋಡಿ ಮೇಲೆ ಬಂದ.

ಕೋಟು ಹಾಕಿಕೊಂಡ. ಟೋಪಿ ಹಾಕಿಕೊಂಡ. ಕಿಟಕಿಯ ಸಂದಿನಿಂದ ಎದುರು ಮನೆ ನೋಡಿದ. ಅಜ್ಜಿಯ ಬಾಗಿಲು ಇನ್ನೂ ಮುಚ್ಚಿತ್ತು. ಒಮ್ಮೆ ಸೇದಿ ನೋಡಿದ. ಸುಟ್ಟ ಚಿಂದಿಯ ಖಾರ ಗಂಟಲಿಗೆ ಹತ್ತಿ, ಕೆಮ್ಮು ಉಕ್ಕಿ ಬಂದು, ಕೋಟಿನ ತೋಳು ಕಚ್ಚಿ ತಡೆದುಕೊಂಡ. ಆವಿಯೂ ಬರಲಿಲ್ಲ, ಬಂದದ್ದು ಸತ್ತ ದೀಪದ ಹೊಗೆಯಂಥ ಒಂದು ಎಳೆ. ಇದರಲ್ಲಿ ಪಾಸ್ಕಾಲಿಸ್ ಹೇಗೆ ಬದುಕಿದ್ದ? ಬಾಲ್ಕನಿಯಲ್ಲಿ ಕೂತು ಕೆಮ್ಮಿದರೆ ಮುಗಿಯಿತು. ಅನೆಸ್ತಿಸ್‌ನ ಕೆಮ್ಮನ್ನು ಇಡೀ ಚರ್ಚು ಬಲ್ಲದು.

ಹಾಸಿಗೆಯ ಅಂಚಿನಲ್ಲಿ ಕೂತು, ಮಸುಕಾದ ಕನ್ನಡಕ ಒರೆಸಿಕೊಳ್ಳುವವನಂತೆ ಅಭ್ಯಾಸಬಲದಿಂದ, ಅವನು ಜೇಬಿನಿಂದ ಚಿಮಟ, ಸೂಜಿ, ಹತ್ತಿ ಇಟ್ಟ ತನ್ನ ಪುಟ್ಟ ತಗಡಿನ ಡಬ್ಬಿ ತೆಗೆದ. ಬುರುಡೆ ಬಿಚ್ಚಿ ಹಳೆಯ ಬತ್ತಿಯನ್ನು ಚಿಮಟದಿಂದ ಎಳೆದ. ಅದು ಇದ್ದಿಲಿನ ತುಂಡಿನಂತೆ ಬಂತು. ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಈ ಮನೆಯ ಯಾವ ಮೂಲೆಯಲ್ಲೂ ತಾನು ಬಂದ ಗುರುತು ಬೀಳಬಾರದು. ಗುಂಡಿ ಒತ್ತಿದ. ಸುರುಳಿ ನಡುವಿನಿಂದ ಕೆಂಪಗಾಗಿ ಎರಡೂ ಕಡೆಗೆ ಸಮವಾಗಿ ಹಬ್ಬಿತು, ಅಂಟಿದ ಸಕ್ಕರೆ ಉರಿದು ಹೋಯಿತು. ಒಂದು ಸುತ್ತು ಸ್ವಲ್ಪ ಮುಂಚೆ ಕಾಯುತ್ತಿತ್ತು. ಚಿಮಟದಿಂದ ಒಂದಿಷ್ಟು ಒತ್ತಿ ಅದನ್ನು ಸಾಲಿಗೆ ತಂದ. ಹತ್ತಿಯ ಪಟ್ಟಿಯಿಂದ ಬೇಕಾದಷ್ಟೇ ಬಿಡಿಸಿ, ಒಂದು ತುದಿಯನ್ನು ಹೊಸೆದು ಸುರುಳಿಯೊಳಗೆ ತೂರಿಸಿದ. ಹೆಚ್ಚು ತುಂಬಿದರೆ ರಸ ಏರದೆ ಸುಡುತ್ತದೆ, ಕಡಿಮೆಯಾದರೆ ಸೋರುತ್ತದೆ. ಎಳೆದಾಗ ತಂತಿ ಅಲುಗಬಾರದು, ಹತ್ತಿಯೂ ಜಾರಬಾರದು. ಎರಡೂ ತುದಿಯನ್ನು ತನ್ನ ಅಭ್ಯಾಸದಂತೆ ಓರೆಯಾಗಿ ಕತ್ತರಿಸಿದ, ಸೂಜಿಯಿಂದ ಬಾಚಿದ, ಬುರುಡೆಯೊಳಗೆ ರಸ ಹರಿಯುವ ಕಾಲುವೆಗಳಲ್ಲಿ ಮಲಗಿಸಿದ. ರಸದ ಒಂದೊಂದೇ ಹನಿ ಬಿಟ್ಟು ಅದು ಇಳಿಯುವುದನ್ನು ನೋಡಿದ.

ಮುಚ್ಚಳ ತಿರುಗಿಸುವಾಗಲೇ ಅವನಿಗೆ ಗೊತ್ತಾದದ್ದು: ಅಷ್ಟು ಹೊತ್ತೂ ಕೈ ನಡುಗಿರಲಿಲ್ಲ. ಹೆಬ್ಬೆರಳನ್ನೂ ತೋರುಬೆರಳನ್ನೂ ಕಣ್ಣಿನ ಹತ್ತಿರ ಹಿಡಿದುಕೊಂಡು ನೋಡಿದ. ಕೆತ್ತಿಟ್ಟಂತೆ ನಿಂತಿದ್ದವು. ಅವನಿಗೆ ಅಳು ಬಂತು. ಕೆಳಗೆ ಮೆಟ್ಟಿಲಿನ ಬುಡದಲ್ಲಿರುವವನಿಗೆ ಇದನ್ನು ಕೂಗಿ ಹೇಳಬೇಕೆನಿಸಿತು.

ಬಾಲ್ಕನಿಯಲ್ಲಿ ಬೀದಿಗೆ ಬೆನ್ನು ಹಾಕಿ, ಭುಜ ಬಗ್ಗಿಸಿ ಕೂತ. ಎದುರಿನ ಬಾಗಿಲು ಕಿರುಗುಟ್ಟಿದಾಗ ಮೂಗೆತ್ತಿ ಆವಿ ಬಿಟ್ಟ. ದಟ್ಟ ಬಿಳಿಯ ಮೋಡ ಟೋಪಿಯ ಮೇಲೆ ಎದ್ದು, ಮಸ್ತಿಕದ ವಾಸನೆ ಓಣಿಗೆ ಇಳಿಯಿತು.

"ಏ ಪಾಸ್ಕಾಲಿಸ್! ಇವತ್ತೊಂದಿನ ಆದ್ರೂ ಅದನ್ನ ಬಾಯಿಂದ ತೆಗಿಯೋ, ಪಾಪಿ. ದೇವರ ಮೈ ಇನ್ನೂ ಶಿಲುಬೆ ಮೇಲಿದೆ."

ಭುಜದ ಮೇಲೆ ಎರಡು ಬೆರಳು ಎದ್ದವು.

"ಎತ್ತು, ಎತ್ತು ಬೆರಳು. ನಿನ್ನಂಥವರಿಗೇ ಅವನು ಸತ್ತಿದ್ದು." ಗೊಣಗುತ್ತ ಅವಳು ಓಣಿಗಿಳಿದಳು. ಕೋಲಿನ ಸದ್ದು ತಿರುವಿನಲ್ಲಿ ಕಡಿಮೆಯಾಗುವವರೆಗೆ ಅವನು ಇನ್ನೊಂದೆರಡು ಸಲ ಆವಿ ಬಿಟ್ಟ. ಎದ್ದು ಒಳಗೆ ಬಂದು ಕೋಟು, ಟೋಪಿ ಮೊಳೆಗೆ ತೂಗುಹಾಕಿದ. ಕೊಳವೆಯನ್ನು ಮೆಟ್ಟಿಲ ಬುಡದಲ್ಲಿ, ಕೈಯಿಂದ ಜಾರಿ ಬಿದ್ದ ಹಾಗೆ ಇಟ್ಟ. ಪಾಸ್ಕಾಲಿಸ್‌ನ ಕಣ್ಣು ಮುಚ್ಚಬೇಕೆಂದು ಕೈ ಚಾಚಿದವನು, ಬಿದ್ದು ಸತ್ತವನ ಕಣ್ಣು ಯಾರೂ ಮುಚ್ಚುವುದಿಲ್ಲವೆಂದು ನೆನಪಾಗಿ ಕೈ ಹಿಂದೆ ತೆಗೆದುಕೊಂಡ.

ಅಂಜೂರದ ಮರ, ಕಲ್ಲುಮೆಟ್ಟಿಲು, ಪಕ್ಕದ ಬಾಗಿಲು. ಒಳಗೆ ಕಾಲಿಡುವಾಗ ಕಾಗದದ ಪೊಟ್ಟಣವನ್ನು ಉರಿದ ಮೇಣದ ಚೂರುಗಳ ಡಬ್ಬಕ್ಕೆ ಬಿಟ್ಟ; ಅದು ಸಂಜೆಗೆ ಕರಗಿ ಹೊಸ ಮೇಣದಬತ್ತಿಯಾಗುತ್ತದೆ. ಪೀಠ ಹತ್ತಿ, ಜೊತೆಗಾರ ಹಿಡಿದಿದ್ದ ಸ್ವರಕ್ಕೆ ತನ್ನ ದನಿ ಸೇರಿಸಿದ. ಸ್ವಲ್ಪ ಹೊತ್ತಿಗೆ ಎವಾಂಥಿಯಾ ಅಜ್ಜಿ ಏದುಸಿರು ಬಿಡುತ್ತ ಒಳಗೆ ಬಂದು, ಪಟಕ್ಕೆ ಮುತ್ತಿಟ್ಟು, ಗೋಡೆಯ ಕುರ್ಚಿಯಲ್ಲಿ ಕುಸಿದು, ಅವನತ್ತ ನೋಡಿ ತಲೆದೂಗಿದಳು. ಪಾದ್ರಿ ಲಾಜರೋಸ್ ಶಿಲುಬೆಯಿಂದ ಮೂರ್ತಿಯನ್ನು ಇಳಿಸಿ ಬಿಳಿಯ ನಾರುಬಟ್ಟೆಯಲ್ಲಿ ಸುತ್ತಿದರು. ಹೆಂಗಸರು ಅತ್ತರು. ಅನೆಸ್ತಿಸ್‌ನ ಕೆನ್ನೆಯ ಮೇಲೂ ನೀರಿಳಿಯಿತು. ಅದು ನಾಟಕವೋ ನಿಜವೋ ಅವನಿಗೇ ತಿಳಿಯಲಿಲ್ಲ. ಅವನು ಇನ್ನೂ ಚೆನ್ನಾಗಿ ಹಾಡಿದ.

ಪೂಜೆ ಮುಗಿದ ಮೇಲೂ ಜನರ ನಡುವೆಯೇ ಉಳಿದ. ಪಾದ್ರಿಯ ಪಕ್ಕದಲ್ಲಿ ಕೂತು ವಿನೆಗರ್ ಹಾಕಿದ ಚನ್ನಂಗಿ ಬೇಳೆಯ ಸಾರು ಕುಡಿಯುತ್ತಿರುವಾಗ ಗುಡ್ಡದ ಮೇಲಿನಿಂದ ಅಜ್ಜಿಯ ಕೂಗು ಕೇಳಿತು. ಚರ್ಚಿನಲ್ಲಿ ಕ್ರಿಸ್ತನನ್ನು ಮಲಗಿಸುವ ಹೂವಿನ ಮಂಟಪದಿಂದ ಬಿದ್ದ ಒಂದು ಹೂವನ್ನು ಆ ಪಾಪಿಗೂ ಕೊಡೋಣವೆಂದು ಅವಳು ಬಾಗಿಲು ತಳ್ಳಿದ್ದಳು.

ಅನೆಸ್ತಿಸ್ ಓಡಿದ. ಮೆಟ್ಟಿಲಿನ ಬುಡದಲ್ಲಿ ಮಂಡಿಯೂರಿ ಸ್ನೇಹಿತನ ಕೈಯನ್ನು ಹಣೆಗೊತ್ತಿಕೊಂಡಾಗ ಬಂದ ಅಳುವಿನಲ್ಲಿ ಸುಳ್ಳಿರಲಿಲ್ಲ. ಠಾಣೆಯಿಂದ ಬಂದ ಆರ್ಗಿರಿಸ್ ಅವನ ಭುಜ ಹಿಡಿದು ಎಬ್ಬಿಸಿ ಮೆಟ್ಟಿಲ ಮೇಲೆ ಕೂರಿಸಿದ. ಎಷ್ಟೋ ಹೆಣ ನೋಡಿದ ಪೊಲೀಸನ ದನಿಯೂ ಸಣ್ಣಗಾಗಿತ್ತು. ಕೊನೆಗೆ ಯಾವಾಗ ನೋಡಿದ್ದು ಎಂದು, ಕೇಳಬೇಕಲ್ಲ ಎಂಬಂತೆ ಕೇಳಿದ. ಬುಧವಾರದ ತೈಲದ ಪೂಜೆಯಲ್ಲಿ, ಆಮೇಲೆ ಕಂಡೇ ಇಲ್ಲ, ಮಾತು ಬಿಟ್ಟಿದ್ದೆ, ಈಗ ಆ ಪಾಪ ನನ್ನ ತಲೆಯ ಮೇಲೆ, ಎಂದ ಅನೆಸ್ತಿಸ್.

"ನಾನು ಹೊರಟಾಗ ಬಾಲ್ಕನೀಲಿ ಕೂತಿದ್ದ, ಕಲ್ಲಿನ ಹಾಗೆ," ಎಂದು ಅಜ್ಜಿ ಅಳುತ್ತ ಹೇಳಿದಳು. "ಬೈದೆ. ಬೆರಳೆತ್ತಿದ. ಚರ್ಚಿಗೆ ಬಂದೆ, ಅನೆಸ್ತಿಸ್ ಹಾಡ್ತಿದ್ದ. ಆ ಹಾಡು ಕೇಳ್ತಾ ಕೂತಿದ್ದಾಗಲೇ ಇವನು ಬಿದ್ದಿರಬೇಕು. ಕೊನೇ ಸಲ ಬೈದು ಕಳಿಸಿದ್ನಲ್ಲಪ್ಪ."

ಆರ್ಗಿರಿಸ್ ತಲೆದೂಗಿದ. ಸವೆದ ಅಮೃತಶಿಲೆ, ಚಪ್ಪಲಿ, ಕೆಟ್ಟ ಮಂಡಿ. ಇಂಥ ಮೆಟ್ಟಿಲಿಗೆ ಹಿಡಿಕೆ ಹಾಕಿಸಿ ಎಂದು ತಾನೇ ಹೇಳಿದ್ದೆ ಎಂದ. ಅನೆಸ್ತಿಸ್ ಕಣ್ಣೊರೆಸಿಕೊಂಡ. ಎಲ್ಲ ಸುತ್ತುಗಳೂ ಒಂದರ ಪಕ್ಕ ಒಂದು ಸರಿಯಾಗಿ ಕೂತಿದ್ದವು. ಮಂಗಳವಾರ ಥೆಸಲೋನಿಕಿಯವನಿಗೆ ಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಬಹುದು. ಆಮೇಲೆ ಕಿಟಕಿಯ ಕೆಳಗಿನ ತನ್ನ ಮೇಜಿಗೆ ಕೂರಬಹುದು.

ಆರ್ಗಿರಿಸ್ ಬಗ್ಗಿ ನೆಲದ ಮೇಲಿದ್ದ ಕೊಳವೆ ಎತ್ತಿಕೊಂಡು, ಕೈಗೆ ಬಂದದ್ದನ್ನು ತೆರೆದು ನೋಡುವ ಆ ಕಾರ್ಖಾನೆಯ ರೂಢಿಯಂತೆ, ಯಾವ ಯೋಚನೆಯೂ ಇಲ್ಲದೆ ಬುರುಡೆಯ ಮುಚ್ಚಳ ತಿರುಗಿಸುತ್ತ ಮಾತಾಡಿದ. "ನಿನ್ನೆ ಸಾಯಂಕಾಲ ಕಾಫಿ ಅಂಗಡೀಲಿ ಇದನ್ನ ತೆಗೆದು ನೋಡಿ ನಕ್ಕಿದ್ದೆ ಮೇಸ್ತ್ರಿ. ಇದ್ದಿಲಾಗಿತ್ತು. ಬದಲಾಯಿಸಿಕೊಡ್ತೀನಿ ಅಂದೆ, ಪಾಸ್ಕಾಲಿಸ್ ಬಿಡಲಿಲ್ಲ. ಅನೆಸ್ತಿಸ್ ಬಿಟ್ಟು ಇದಕ್ಕೆ ಯಾರೂ ಕೈ ಹಾಕಬಾರದು, ಅವನ ಸಿಟ್ಟು ಇಳಿದು ಅವನೇ ಬರೋವರೆಗೂ ಸುಟ್ಟದ್ದನ್ನೇ ಸೇದ್ತೀನಿ ಅಂದ್ರು." ಮಾತು ಅಲ್ಲಿಗೆ ನಿಂತಿತು. ಮೆಟ್ಟಿಲ ಕಿಟಕಿಯಿಂದ ಬಂದ ಬೆಳಕು ತೆರೆದ ಬುರುಡೆಯೊಳಗೆ ಬಿದ್ದಿತ್ತು. ಆರ್ಗಿರಿಸ್ ಅದನ್ನೊಮ್ಮೆ ನೋಡಿದ, ಅನೆಸ್ತಿಸ್‌ನನ್ನೊಮ್ಮೆ ನೋಡಿದ, ಆಮೇಲೆ ಬಹಳ ಹೊತ್ತು ಅದನ್ನೇ ನೋಡಿದ. ಅನೆಸ್ತಿಸ್ ಕೂಡ ನೋಡಿದ. ಅಂಚಿನಲ್ಲಿ ಮಾತ್ರ ತುಸು ಜೇನುಬಣ್ಣ ಹಿಡಿದು, ತುದಿಗಳು ಓರೆಯಾಗಿ ಕತ್ತರಿಸಿ ಬಾಚಿ ಮಲಗಿಸಿದ್ದ, ಹಾಲಿನಂಥ ಬಿಳಿಯ ಬತ್ತಿ. ಇಡೀ ಚಳಿಗಾಲದಲ್ಲಿ ಅವನ ಕೈ ಅಷ್ಟು ಚೆನ್ನಾಗಿ ಒಂದನ್ನೂ ಇಟ್ಟಿರಲಿಲ್ಲ.